ಆರು ತಿಂಗಳ ಲೆಕ್ಕ ನೇತ್ರಾಣಿಯಿಂದಲೇ ಶುರುವಾಗಲಿ

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ಮನೆ, ಬೆಂಗಳೂರಿನಲ್ಲಿ ನೌಕರಿ, ಐದು ತಿಂಗಳು ರಜೆ ಸಿಗಬಹುದು. ಥಾಯ್ಲೆಂಡಿನ ಕೊ ಟಾವ್ ದ್ವೀಪಕ್ಕೆ ಹೋಗಿ ಸ್ಕೂಬಾ ಬೋಧಕರಾಗಿಯೇ ಮರಳಬೇಕು. ಇದುವರೆಗೆ ಒಂದು ಡೈವ್ ಕೂಡ ಮಾಡಿಲ್ಲ. ಆಗುತ್ತದೆಯೇ?

ಈ ಲೆಕ್ಕದಲ್ಲಿ ಆಗುವುದಿಲ್ಲ. ನಿಮಗೆ ಧೈರ್ಯ ಸಾಲದು ಎಂದಲ್ಲ, ನಿಯಮವೇ ಹಾಗಿದೆ. ಡೈವಿಂಗ್ ಕಲಿಸಿ ಪ್ರಮಾಣಪತ್ರ ಕೊಡುವ ಪ್ಯಾಡಿ ಸಂಸ್ಥೆಯ ಬೋಧಕ ತರಬೇತಿಗೆ ಸೇರಬೇಕಾದರೆ ಮೊದಲ ಪ್ರಮಾಣಪತ್ರ ಕೈಗೆ ಬಂದು ಕನಿಷ್ಠ ಆರು ತಿಂಗಳಾಗಿರಬೇಕು. ಪರೀಕ್ಷೆಗೆ ಕೂರುವ ಹೊತ್ತಿಗೆ ಲಾಗ್‌ಬುಕ್ಕಿನಲ್ಲಿ 100 ಡೈವ್‌ಗಳಿರಬೇಕು. ಏನೂ ಇಲ್ಲದೆ ಹೊರಟವರು ಐದು ತಿಂಗಳಲ್ಲಿ ಹೆಚ್ಚೆಂದರೆ ಡೈವ್‌ಮಾಸ್ಟರ್ (ನೀರಿನಡಿ ಇತರರಿಗೆ ದಾರಿ ತೋರುವವರು) ಆಗಿ ಬರುತ್ತಾರೆ. ಅದಕ್ಕೆ 40 ಡೈವ್ ಆದವರು ಸೇರಬಹುದು, ಮುಗಿಸುವಾಗ 60 ಆಗಿರಬೇಕು. ವೃತ್ತಿಯ ಮೊದಲ ಮೆಟ್ಟಿಲು ಅದೇ, ಕೀಳಾಗಿ ಕಾಣಬೇಕಾದದ್ದೇನೂ ಇಲ್ಲ. ಮೂಡಿಗೆರೆಯವಳಾದ ನಾನು ಆ ಮೆಟ್ಟಿಲಲ್ಲೇ ನಿಂತಿದ್ದೇನೆ.

ಆದರೆ ಆ ಆರು ತಿಂಗಳನ್ನು ಪರದೇಶದಲ್ಲೇ ಕಳೆಯಬೇಕೆಂಬ ನಿಯಮವಿಲ್ಲ. ನಾನು ತಪ್ಪಿದ್ದು ಇಲ್ಲೇ. ನೀವು ನವೆಂಬರಿನಲ್ಲಿ ನಾಲ್ಕೈದು ದಿನ ರಜೆ ಹಾಕಿ ಮುರುಡೇಶ್ವರಕ್ಕೆ ಹೋಗಿ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಓಪನ್ ವಾಟರ್ ಕೋರ್ಸ್ ಮುಗಿಸಿ. 18 ಮೀಟರ್ ಆಳದವರೆಗೆ ಇಳಿಯಲು ಅರ್ಹತೆ ಕೊಡುವ ಮೊದಲ ಕೋರ್ಸ್ ಅದು. ನೌಕರಿಯಲ್ಲಿದ್ದುಕೊಂಡೇ ಮೇ ತಿಂಗಳ ಹೊತ್ತಿಗೆ ಆರು ತಿಂಗಳು ತುಂಬಿರುತ್ತದೆ. ಆಗ ಹೊರಡಿ. ಐದು ತಿಂಗಳೂ ನೀರಿನಲ್ಲಿ ಕಳೆಯಲು ಸಿಗುತ್ತದೆ, ಬೋಧಕರಾಗುವ ಆಸೆಗೂ ಅರ್ಥ ಬರುತ್ತದೆ.

ನೇತ್ರಾಣಿಯಿಂದ ಇನ್ನೊಂದು ಉಪಕಾರವಿದೆ: ನಿಮ್ಮ ಕಿವಿಗಳು ಎಂಥವು ಎಂದು ಅಗ್ಗದಲ್ಲೇ ತಿಳಿಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಗವ್ವೆಂದು ಕಟ್ಟಿಕೊಳ್ಳುತ್ತದಲ್ಲ, ಎಂಜಲು ನುಂಗಿದರೆ ಬಿಡುತ್ತದೆ. ಆ ಇಡೀ ಘಾಟಿ ಇಳಿದಾಗ ಹೆಚ್ಚುವ ಒತ್ತಡ ನೀರಿನಲ್ಲಿ ಹೆಚ್ಚುಕಡಿಮೆ ಒಂದೇ ಮೀಟರ್ ಇಳಿದದ್ದಕ್ಕೆ ಸಮ. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟಾಗುತ್ತದೆ. ಹಾಗಾಗಿ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ, ನೋವು ಬರುವ ಮೊದಲೇ, ಮತ್ತೆ ಮತ್ತೆ ಕಿವಿ ಬಿಡಿಸಿಕೊಳ್ಳುತ್ತ ಇಳಿಯಬೇಕು. ನೆಗಡಿ ಇದ್ದ ದಿನ ಇದು ನಡೆಯುವುದಿಲ್ಲ, ಆ ದಿನ ಇಳಿಯಲೂಬಾರದು.

ನನಗೆ ನೆಗಡಿ ಬಂದದ್ದು ಕೊ ಟಾವ್ ಮುಟ್ಟಿದ ಎರಡನೆಯ ವಾರ. ಹನ್ನೊಂದು ದಿನ ದಡದಲ್ಲಿ ಕೂತು ಉಳಿದವರ ದೋಣಿ ಹೋಗುವುದನ್ನು ನೋಡಿದೆ. ಎಲ್ಲ ಕೋರ್ಸುಗಳಿಗೂ ಸೇರಿಸಿ ಊರಿನಿಂದಲೇ ಹಣ ಕಟ್ಟಿಬಿಟ್ಟಿದ್ದೆ. ನಾನು ಸೇರಿದ್ದ ಕೇಂದ್ರದವರು ದಿನಗಳನ್ನು ಮುಂದೂಡಲೂ ಒಪ್ಪಲಿಲ್ಲ, ಹಣವನ್ನು ಮರಳಿಸಲೂ ಇಲ್ಲ. ಕರಾರಿನಲ್ಲಿ ಹಾಗೇ ಇತ್ತು, ಓದದೆ ಸಹಿ ಹಾಕಿದವಳು ನಾನು. ಆದ್ದರಿಂದ ಒಂದೊಂದೇ ಕೋರ್ಸಿಗೆ ಅಲ್ಲಿಗೆ ಹೋದ ಮೇಲೆ ಹಣ ಕಟ್ಟಿ. ಮೊದಲ ವಾರ ಎರಡು ಮೂರು ಕೇಂದ್ರಗಳೊಂದಿಗೆ ಸುಮ್ಮನೆ ಡೈವ್ ಮಾಡಿ. ಒಬ್ಬ ಬೋಧಕರ ಹಿಂದೆ ಎಷ್ಟು ಜನ ಹೋಗುತ್ತಾರೆ, ಸಲಕರಣೆಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಕಣ್ಣಾರೆ ನೋಡಿ ಆಮೇಲೆ ಒಪ್ಪಿಕೊಳ್ಳಿ.

ಮಲೆನಾಡಿನವರು ಮರೆಯಬಾರದ ಒಂದು ವಿಷಯವಿದೆ. ಡೈವ್ ಮಾಡಿದವರು ಕೂಡಲೇ ವಿಮಾನ ಹತ್ತಬಾರದು ಎಂದು ಎಲ್ಲರೂ ಹೇಳುತ್ತಾರೆ. ಆಳದಲ್ಲಿ ಮೈಗೆ ಸೇರಿದ ಸಾರಜನಕ, ಮುಚ್ಚಳ ತೆರೆದ ಸೋಡಾದ ಹಾಗೆ ಗುಳ್ಳೆಯಾಗಬಾರದು ಎಂಬ ಕಾರಣಕ್ಕೆ. ಆದರೆ ಘಾಟಿ ಹತ್ತುವುದೂ ಎತ್ತರಕ್ಕೆ ಹೋಗುವುದೇ ಎಂದು ಯಾರಿಗೂ ಹೊಳೆಯುವುದಿಲ್ಲ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಚಿಕ್ಕಮಗಳೂರು ಸಾವಿರ ಮೀಟರ್ ದಾಟುತ್ತದೆ. ಡೈವಿಂಗಿನ ಲೆಕ್ಕದಲ್ಲಿ 300 ಮೀಟರ್ ದಾಟಿದರೆ ಅದು ಎತ್ತರವೇ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆ ಶಿರಾಡಿ ಹತ್ತುವ ಯೋಚನೆ ಬೇಡ. ಹಲವು ಡೈವ್ ಮಾಡಿದ್ದರೆ ವಿಮಾನಕ್ಕೆ ಕಾಯುವಂತೆ ಕನಿಷ್ಠ 18 ಗಂಟೆ ಕರಾವಳಿಯಲ್ಲೇ ಉಳಿದು, ಮೀನೂಟವನ್ನೋ ಗೋಳಿಬಜೆಯನ್ನೋ ತಿಂದು, ಮಾರನೆಯ ದಿನ ಬನ್ನಿ.

ಈಜಿನ ಬಗ್ಗೆ ನೀವು ‘ತೋಟದ ಕೆರೆಯಲ್ಲಿ ಕಲಿತಿದ್ದೇನೆ’ ಎಂದು ಬರೆದಿದ್ದೀರಿ. ನಾನೂ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡೇ ಕಲಿತವಳು. ನೀರಿನ ಭಯ ಹೋಗಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ ಡೈವ್‌ಮಾಸ್ಟರ್ ಕೋರ್ಸಿನಲ್ಲಿ ದೂರ ಅಳೆಯುತ್ತಾರೆ, ಸಮಯ ನೋಡಿ ಅಂಕ ಕೊಡುತ್ತಾರೆ: ನಿಲ್ಲದೆ 400 ಮೀಟರ್ ಈಜು, ಮಾಸ್ಕ್ ಮತ್ತು ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೊಂಡು 800 ಮೀಟರ್, ದಣಿದ ಇನ್ನೊಬ್ಬರನ್ನು 100 ಮೀಟರ್ ಎಳೆದು ತರುವುದು, 15 ನಿಮಿಷ ತೇಲುವುದು. ಕೆರೆಯಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಿ ಬಂದದ್ದು ಎಷ್ಟು ಮೀಟರ್ ಎಂದು ಯಾರು ಅಳೆದಿದ್ದಾರೆ? ಬೆಂಗಳೂರಿನಲ್ಲಿದ್ದೀರಿ, ಅಳತೆಯ ಈಜುಕೊಳಕ್ಕೆ ವಾರಕ್ಕೆ ಮೂರು ಬೆಳಿಗ್ಗೆ ಹೋಗಿ. ಡೈವಿಂಗಿಗೆ ಮೈ ತಕ್ಕದ್ದೆಂದು ವೈದ್ಯರು ಸಹಿ ಹಾಕುವ ಅರ್ಜಿಯನ್ನೂ ಇಲ್ಲೇ ಮುಗಿಸಿಕೊಳ್ಳಿ. ಆಸ್ತಮಾ, ಕಿವಿಯ ಶಸ್ತ್ರಚಿಕಿತ್ಸೆ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ನಮ್ಮೂರಿನ ಡಾಕ್ಟರು ಆ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಕಾಯಿಲೆ ಏನು?’ ಎಂದು ಕೇಳಿದ್ದರು.

ಮಳೆಗಾಲದ ದೃಷ್ಟಿಯಿಂದ ದ್ವೀಪದ ನಿಮ್ಮ ಆಯ್ಕೆ ಸರಿಯಾಗಿದೆ. ಕೊ ಟಾವ್ ಇರುವುದು ಥಾಯ್ಲೆಂಡ್ ಕೊಲ್ಲಿಯಲ್ಲಿ. ನಮ್ಮಲ್ಲಿ ಮುಂಗಾರು ಹೊಡೆಯುವಾಗ ಆ ದೇಶದ ಅಂಡಮಾನ್ ಕಡಲಿನ ಬದಿಯೂ ಒರಟಾಗುತ್ತದೆ, ಸಿಮಿಲಾನ್ ದ್ವೀಪಗಳನ್ನು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿಯೇ ಬಿಡುತ್ತಾರೆ. ಕೊಲ್ಲಿಯ ಬದಿಗೆ ಅಷ್ಟು ತೊಂದರೆಯಿಲ್ಲ, ಅಲ್ಲಿಯ ದೊಡ್ಡ ಮಳೆ ವರ್ಷದ ಕೊನೆಯಲ್ಲಿ. ಮೇ ತಿಂಗಳಲ್ಲಿ ಹೋಗಿ ಸೆಪ್ಟೆಂಬರ್ ಮುಗಿಯುವಾಗ ಬಂದರೆ ಕಾಫಿ ಕೊಯ್ಲಿಗೆ ನೀವು ಮನೆಯಲ್ಲಿರುತ್ತೀರಿ. ಅಪ್ಪನ ಮುಂದೆ ಈ ಮಾತನ್ನೇ ಮೊದಲು ಹೇಳಿ.

ಹಣದ ವಿಚಾರದಲ್ಲಿ, ಕೋರ್ಸಿನ ದರವನ್ನೇ ಒಟ್ಟು ಖರ್ಚು ಎಂದುಕೊಳ್ಳಬೇಡಿ. ಬೋಧಕ ಪರೀಕ್ಷೆಯ ಶುಲ್ಕ, ಸಂಸ್ಥೆಯ ವಾರ್ಷಿಕ ಸದಸ್ಯತ್ವ, ಪಾಠದ ಸಾಮಗ್ರಿ ಬೇರೆ ಬೇರೆ. ಬಾಡಿಗೆ ಮತ್ತು ಊಟ ಸೇರಿದರೆ ನನಗೆ ಕೋರ್ಸಿಗಿಂತ ಉಳಿದದ್ದೇ ಹೆಚ್ಚಾಯಿತು. ಸ್ವಂತ ಮಾಸ್ಕ್ ಮತ್ತು ಆಳ, ಸಮಯಗಳ ಲೆಕ್ಕವಿಡುವ ಡೈವ್ ಕಂಪ್ಯೂಟರ್ ಕೊಳ್ಳಿ, ಉಳಿದದ್ದಕ್ಕೆ ಅವಸರವಿಲ್ಲ. ಪ್ರವಾಸ ವಿಮೆಯಲ್ಲಿ ಡೈವಿಂಗ್ ತರಬೇತಿ ಸೇರಿದೆಯೇ, ಎಷ್ಟು ಆಳದವರೆಗೆ ಎಂದು ಸಣ್ಣ ಅಕ್ಷರಗಳನ್ನೂ ಓದಿ. ವೀಸಾ ದಿನಗಳ ನಿಯಮ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಕೊಳ್ಳುವ ವಾರ ರಾಯಭಾರ ಕಚೇರಿಯ ಜಾಲತಾಣ ನೋಡಿ. ಪ್ರವಾಸಿಯಾಗಿ ಹೋದವರು ಅಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ, ಕೆಲಸದ ಪರವಾನಗಿ ಬೇಕು. ‘ಕಲಿಯುತ್ತಲೇ ಸಂಪಾದಿಸಬಹುದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಲಿಯುವಾಗ ನೀವು ಮಾಡುವುದು ಹೊರುವ ಕೆಲಸ. ಖಾಲಿ ಸಿಲಿಂಡರೇ 14-15 ಕಿಲೋ, ದಿನಕ್ಕೆ ಎಷ್ಟು ಬಾರಿ ಎತ್ತಿ ಇಳಿಸಿದೆನೋ ಲೆಕ್ಕವಿಲ್ಲ. ಕಾಫಿ ಮೂಟೆ ಹೊರುವವರ ಮೇಲಿನ ಗೌರವ ನನಗೆ ಅಲ್ಲಿ ಹೆಚ್ಚಾಯಿತು.

ಮನೆಯಲ್ಲಿ ಹೇಗೆ ಹೇಳುವುದು ಎಂದೂ ಕೇಳಿದ್ದೀರಿ. ನಮ್ಮ ದೊಡ್ಡಪ್ಪ, ‘ಮುಳುಗುವುದಕ್ಕೆ ಅಷ್ಟು ದೂರ ಯಾಕಮ್ಮ, ಹೇಮಾವತಿ ಸಾಲದೇ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಯಾಕೆಂದರೆ ಆಗಿನ್ನೂ ನಾನು ಒಮ್ಮೆಯೂ ಮುಳುಗಿರಲಿಲ್ಲ. ನೇತ್ರಾಣಿಯಿಂದ ಬಂದ ಮೇಲೆ ಮನೆಯಲ್ಲಿ ಮಾತು ತೆಗೆಯಿರಿ. ಕಿವಿ ಹೇಗಿತ್ತು, ದೋಣಿಯಲ್ಲಿ ವಾಂತಿಯಾಯಿತೇ ಎಂದು ಇಲ್ಲಿಯೂ ಬರೆಯಿರಿ. ಯಾವ ಕೇಂದ್ರಕ್ಕೆ ಸೇರುವುದು ಎಂಬ ಮಾತನ್ನು ಆಮೇಲೆ ಆಡೋಣ.