ಟಾರ್ಗೆಟ್ ಪ್ಯಾನಿಕ್ ಬಂದ ಮೇಲೆ ಬಿಲ್ಲು ಬಿಟ್ಟುಬಿಡಬೇಕಾ?

ನಿಮ್ಮ ಪ್ರಶ್ನೆ ಇದು: ರಿಕರ್ವ್ ಬಿಲ್ಲಿನಲ್ಲಿ (ತುದಿ ಹೊರಕ್ಕೆ ಬಾಗಿದ ಬಿಲ್ಲು) ಪಿನ್ (ಗುರಿ ನೋಡುವ ಸೈಟಿನ ಚುಕ್ಕಿ) ಗುರಿಯ ನಡುವಿನ ಹಳದಿಗೆ ಬರುವುದೇ ಇಲ್ಲ, ಕೆಳಗೆ ಕೆಂಪಿನಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಬಲವಂತವಾಗಿ ಮೇಲೆತ್ತಿದರೆ ಕ್ಲಿಕರ್ (ಬಾಣ ಪೂರ್ತಿ ಎಳೆದಾಗ ‘ಟಿಕ್’ ಅನ್ನುವ ಪಟ್ಟಿ) ಬೀಳುವ ಮೊದಲೇ ಬೆರಳು ಬಿಟ್ಟುಬಿಡುತ್ತದೆ. ಕೋಚ್ ‘ನಿನಗೆ ಧೈರ್ಯ ಸಾಲದು’ ಅಂತಾರೆ. ಆಟ ಬಿಟ್ಟುಬಿಡಲಾ?

ಬಿಡಬೇಡಿ. ಇದಕ್ಕೇ ಟಾರ್ಗೆಟ್ ಪ್ಯಾನಿಕ್ ಅನ್ನುವುದು. ನನಗೂ ಇದು ಬಂದಿತ್ತು, ಹೋಯಿತು. ನಮ್ಮ ಮೈದಾನದಲ್ಲಿ ಇನ್ನೂ ಹಲವರಿಗೆ ಬಂದು ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದು ಧೈರ್ಯದ ವಿಷಯವೇ ಅಲ್ಲ, ಆ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ.

ಬೇಕಾದರೆ ನಾಳೆಯೇ ಪರೀಕ್ಷೆ ಮಾಡಿ. ಬಟ್ರೆಸ್‌ನಿಂದ (ಬಾಣ ನಾಟುವ ಹುಲ್ಲಿನ ದಪ್ಪ ಹಲಗೆ) ಫೇಸ್ (ಬಣ್ಣದ ವೃತ್ತಗಳಿರುವ ಗುರಿಯ ಹಾಳೆ) ಕಿತ್ತು ತೆಗೆಯಿರಿ. ಮೂರ್ನಾಲ್ಕು ಮೀಟರ್ ದೂರದಲ್ಲಿ ನಿಂತು, ಬಿಲ್ಲು ನೇರ ಇದೆಯಾ ನೋಡಿಕೊಂಡು, ಕಣ್ಣು ಮುಚ್ಚಿ ಹೊಡೆಯಿರಿ. ಬಹುಪಾಲು ಜನಕ್ಕೆ ಕ್ಲಿಕರ್ ಸರಿಯಾಗಿ ಬೀಳುತ್ತದೆ, ರಿಲೀಸ್ (ಬೆರಳು ದಾರ ಬಿಡುವುದು) ಕೂಡ ಹಗುರವಾಗಿ ಆಗುತ್ತದೆ. ಈಗ ಅದೇ ಜಾಗದಲ್ಲಿ ಫೇಸ್ ಅಂಟಿಸಿ. ತೊಂದರೆ ವಾಪಸ್! ಸ್ಪರ್ಧೆ ಇಲ್ಲ, ಸ್ಕೋರ್ ಇಲ್ಲ, ನೋಡುವವರೂ ಇಲ್ಲ. ಧೈರ್ಯ ಸಾಲದೆ ಹೀಗಾಗುತ್ತಿದ್ದರೆ ಒಂದು ಹಾಳೆ ಅಂಟಿಸಿದ ಮಾತ್ರಕ್ಕೆ ಬರಬೇಕಿರಲಿಲ್ಲ, ಅಲ್ವಾ?

ಆಗಿರುವುದು ಇಷ್ಟು. ಸಾವಿರಾರು ಬಾಣ ಹೊಡೆಯುವಾಗ ಪ್ರತಿ ಸಲವೂ ಪಿನ್ ಹಳದಿಗೆ ಬಂದ ಕೂಡಲೇ ಬಾಣ ಹೋಗಿದೆ. ಮಿದುಳು ಅದನ್ನೇ ಕಲಿತುಬಿಟ್ಟಿದೆ: ಹಳದಿ ಕಂಡರೆ ಬಿಡು. ಈಗ ಬಾಣ ಬಿಡುವ ತೀರ್ಮಾನ ನಿಮ್ಮದಲ್ಲ, ಕಣ್ಣಿಗೆ ಬಿದ್ದ ಚಿತ್ರದ್ದು. ಕೆಲವರಿಗೆ ಅದು ಅವಸರದ ರಿಲೀಸ್ ಆಗಿ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರಿಗೆ, ‘ಹಳದಿಗೆ ಹೋದರೆ ಬಾಣ ಹೋಗಿಬಿಡುತ್ತೆ’ ಅಂತ ಮೈಗೆ ಗೊತ್ತಾಗಿ, ಕೈ ಹಳದಿಗೆ ಹೋಗುವುದನ್ನೇ ನಿಲ್ಲಿಸುತ್ತದೆ. ನೋಡಲು ಎರಡು ತೊಂದರೆ, ಬೇರು ಒಂದೇ. ಅದಕ್ಕೇ ಹಿಂದೆ ನಿಂತು ‘ಮೇಲೆತ್ತು, ಮೇಲೆತ್ತು’ ಅಂತ ಕೂಗಿದರೆ ಏನೂ ಪ್ರಯೋಜನ ಇಲ್ಲ. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನವರು ಬಾಣ ಬಿಡುವ ಸಾಧನದ ಟ್ರಿಗರನ್ನು ಗುದ್ದುವುದೂ ಇದೇ ಜಾತಿ.

ಹೊಸಬರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಡಾರ್ಟ್ಸ್ ಆಟದಲ್ಲಿ ಇದಕ್ಕೆ ಹತ್ತಿರದ ತೊಂದರೆಯೊಂದಿದೆ, ಡಾರ್ಟ್ ಕೈ ಬಿಟ್ಟು ಹೋಗುವುದೇ ಇಲ್ಲ. ಇಂಗ್ಲೆಂಡಿನ ಎರಿಕ್ ಬ್ರಿಸ್ಟೋ 1980ರ ದಶಕದಲ್ಲಿ 5 ಸಲ ವಿಶ್ವ ಚಾಂಪಿಯನ್. ಅಂಥವರಿಗೇ ಅದು ಬಂತು, ಅದೂ ಗೆಲುವಿನ ಉತ್ತುಂಗದಲ್ಲಿದ್ದಾಗ.

ಈಗ ಪರಿಹಾರಕ್ಕೆ ಬರೋಣ. ಗುರಿ ಹಿಡಿಯುವುದು ಒಂದು ಕೆಲಸ, ಬಾಣ ಬಿಡುವುದು ಇನ್ನೊಂದು. ಅಂಟಿಕೊಂಡಿರುವ ಈ ಎರಡನ್ನೂ ಬಿಡಿಸಬೇಕು. ಬಿಲ್ಲು ಹಿಡಿದವರಿಗೆಲ್ಲ ಯಾರಾದರೂ ಅರ್ಜುನನ ಹಕ್ಕಿಯ ಕಣ್ಣಿನ ಕಥೆ ಹೇಳಿಯೇ ಹೇಳುತ್ತಾರೆ. ಏಕಾಗ್ರತೆ ಬೇಕು ಅನ್ನುವುದಕ್ಕೆ ಹೇಳುತ್ತಾರೆ. ನನಗೆ ಆ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ದ್ರೋಣರು ಶಿಷ್ಯರನ್ನು ಬಿಲ್ಲು ಎಳೆದು, ಗುರಿ ಹಿಡಿದು ನಿಲ್ಲಿಸುತ್ತಾರೆ. ‘ನಾನು ಹೇಳಿದಾಗ ಬಿಡು’ ಅನ್ನುತ್ತಾರೆ. ಆಮೇಲೆ ಮಾತಾಡಿಸುತ್ತಾರೆ: ಹಕ್ಕಿ ಕಾಣುತ್ತಾ? ಮರ ಕಾಣುತ್ತಾ? ಅರ್ಜುನ ಎಳೆದ ಬಿಲ್ಲಿನಲ್ಲೇ, ಗುರಿಯ ಮೇಲೆ ಕಣ್ಣಿಟ್ಟುಕೊಂಡೇ ಉತ್ತರ ಕೊಡುತ್ತಾನೆ. ‘ಬಿಡು’ ಅಂದಾಗಲೇ ಬಾಣ ಹೋಗುವುದು. ಗುರಿ ಕಣ್ಣೆದುರೇ ಇದ್ದರೂ ಬಿಡದೆ ನಿಲ್ಲುವುದು, ಇದೇ ನೀವು ಕಲಿಯಬೇಕಾದ್ದು.

ಮೊದಲ ಕೆಲವು ವಾರ ಫೇಸ್ ಬೇಡವೇ ಬೇಡ. ಖಾಲಿ ಬಟ್ರೆಸ್, ಹತ್ತಿರದ ದೂರ, ಕಣ್ಣು ಮುಚ್ಚಿ, ಆಮೇಲೆ ಕಣ್ಣು ತೆರೆದು. ಬೆನ್ನಿನ ಸ್ನಾಯು ಎಳೆಯುತ್ತಾ ಹೋಗಿ ಕ್ಲಿಕರ್ ಬೀಳುವ ಅನುಭವವನ್ನು ಮೈಗೆ ಮತ್ತೆ ಹೇಳಿಕೊಡಿ. ಸಾಧ್ಯವಾದರೆ ಎಳೆಯಲು ಹಗುರವಾದ ಲಿಂಬ್ಸ್ (ಬಿಲ್ಲಿನ ಬಾಗುವ ತೋಳುಗಳು) ಯಾರಿಂದಲಾದರೂ ಇಸ್ಕೊಳ್ಳಿ. ಭಾರದ ಬಿಲ್ಲಿನಲ್ಲಿ ಕೈ ಸೋತು ಅವಸರ ಜಾಸ್ತಿಯಾಗುತ್ತದೆ. ಈ ಹಂತ ಬೇಜಾರಿನದು, ಹೆಚ್ಚಿನವರು ಇಲ್ಲೇ ಕೈ ಬಿಡುತ್ತಾರೆ. ಆದರೆ ಹೀಗೆ ಖಾಲಿ ಬಟ್ರೆಸ್‌ಗೆ ಹೊಡೆಯುವುದೊಂದರಿಂದಲೇ (ಬ್ಲಾಂಕ್ ಬೇಲ್) ವಾಸಿಯಾಗುವುದೂ ಇಲ್ಲ. ಫೇಸ್ ಇಲ್ಲದಿದ್ದಾಗ ತೊಂದರೆ ಇರಲಿಲ್ಲವಲ್ಲ! ಫೇಸ್ ಎದುರಿಗಿಟ್ಟೇ ರಿಪೇರಿ ಮಾಡಬೇಕು.

ಹಾಗಾಗಿ ಮುಂದಿನದು ಲೆಟ್ ಡೌನ್. 122 ಸೆಂಟಿಮೀಟರಿನ ದೊಡ್ಡ ಫೇಸನ್ನು ಹತ್ತಿರದಲ್ಲೇ ಹಾಕಿ. ಬಿಲ್ಲು ಎಳೆದು ಪಿನ್ ಹಳದಿಗೆ ತನ್ನಿ, ಒಂದೆರಡು ಕ್ಷಣ ಅಲ್ಲೇ ಇಡಿ, ಬಾಣ ಬಿಡದೆ ಇಳಿಸಿ. ಮೊದಮೊದಲು ಹಳದಿ ಹತ್ತಿರ ಬಂದಂತೆ ಹೊಟ್ಟೆಯೊಳಗೆ ಏನೋ ಬಿಗಿಯುತ್ತದೆ, ಬಿಲ್ಲು ಹಿಡಿದ ಕೈ ಸಣ್ಣಗೆ ನಡುಗುತ್ತದೆ. ನಡುಗಲಿ. ಇಳಿಸುತ್ತೇನೆ ಅನ್ನುವುದು ಮೊದಲೇ ತೀರ್ಮಾನವಾಗಿರುವುದರಿಂದ ಮೈ ನಿಧಾನಕ್ಕೆ ಒಪ್ಪಿಕೊಳ್ಳುತ್ತದೆ: ಹಳದಿಗೆ ಹೋದರೂ ಏನೂ ಆಗುವುದಿಲ್ಲ. ಒಂದು ಎಚ್ಚರಿಕೆ, ಇದನ್ನೂ ಬಾಣ ಹಾಕಿಕೊಂಡು, ಬಟ್ರೆಸ್ ಕಡೆಗೇ ತಿರುಗಿ ಮಾಡಿ. ಬೆರಳು ಜಾರಿದರೆ ಬಾಣ ಹೋಗಬೇಕಾದ ಕಡೆಗೇ ಹೋಗುತ್ತದೆ, ಬಾಣವಿಲ್ಲದೆ ದಾರ ಬಿಟ್ಟು ಬಿಲ್ಲು ಹಾಳಾಗುವುದೂ ಇಲ್ಲ.

ಅದು ಹಗುರವಾದ ಮೇಲೆ ಕ್ಲಿಕರ್ ಬೀಳಿಸಿ, ಆಗಲೂ ಬಿಡಬೇಡಿ. ಇದೇ ಎಲ್ಲಕ್ಕಿಂತ ಕಷ್ಟ. ಮೊದಲ ಸಲ ‘ಟಿಕ್’ ಅನ್ನುತ್ತಿದ್ದಂತೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ, ನೀವು ಯೋಚಿಸುವಷ್ಟರಲ್ಲಿ ಬಾಣ ಹುಲ್ಲಿನಲ್ಲಿರುತ್ತದೆ. ಮತ್ತೆ ಮಾಡಿ. ಟಿಕ್ ಆದ ಮೇಲೂ ಮೂರು ಬೆರಳು ದಾರವನ್ನು ಹಿಡಿದುಕೊಂಡೇ ಇರುವುದು, ಭುಜದ ಹಿಂದೆ ಎಳೆತ ನಿಲ್ಲದಿರುವುದು, ಇದು ಗೊತ್ತಾದ ದಿನ ನಿಮಗೇ ದೊಡ್ಡ ಖುಷಿಯಾಗುತ್ತದೆ. ಆಮೇಲೆ ಗೆಳೆಯರೊಬ್ಬರನ್ನು ಹಿಂದೆ ನಿಲ್ಲಿಸಿಕೊಳ್ಳಿ. ನೀವು ಹಳದಿ ಹಿಡಿದು ನಿಂತಾಗ ಅವರು ‘ಹೂಂ’ ಅಂದರೆ ಕ್ಲಿಕರ್ ಮುಗಿಸಿ ಹೊಡೆಯಬೇಕು, ‘ಇಳಿಸು’ ಅಂದರೆ ಇಳಿಸಬೇಕು. ಯಾವುದು ಬರುತ್ತದೆ ಅಂತ ನಿಮಗೆ ಗೊತ್ತಿರಬಾರದು.

ಎಳೆಯುವಾಗ ತಲೆಯಲ್ಲಿ ಒಂದು ಮಾತು ಓಡುತ್ತಿರಲಿ. ಅಮೆರಿಕದ ಬಿಲ್ಲುಗಾರಿಕೆ ಕೋಚ್ ಜೋಯಲ್ ಟರ್ನರ್ ಅವರ ಪಾಠದಲ್ಲಿ ಇದಕ್ಕೆ ತುಂಬಾ ಒತ್ತು ಇದೆ. ಬಾಣ ಬಿಡುವ ಚಲನೆ ಎಷ್ಟು ನಿಧಾನವಾಗಿರಬೇಕೆಂದರೆ ಮಧ್ಯದಲ್ಲಿ ನಿಲ್ಲಿಸಲು ಸಾಧ್ಯವಾಗಬೇಕು, ಮನಸ್ಸು ಮಾತಿನ ಮೂಲಕ ಆ ಚಲನೆಯ ಜೊತೆಗೇ ಇರಬೇಕು ಅಂತ ಅವರು ಹೇಳುತ್ತಾರೆ. ನನ್ನ ಮಾತು ಸರಳ: ‘ಬೆನ್ನು... ಬೆನ್ನು... ಇನ್ನೂ ಬೆನ್ನು...’ ಕ್ಲಿಕರ್ ಬೀಳುವವರೆಗೂ ಅದೇ. ನಿಮಗೆ ಒಗ್ಗುವ ಮಾತನ್ನು ನೀವೇ ಆರಿಸಿಕೊಳ್ಳಿ.

ದೂರವನ್ನು ಮಾತ್ರ ಆತುರದಲ್ಲಿ ಹೆಚ್ಚಿಸಬೇಡಿ. 10 ಮೀಟರ್, 18, 30, 50, ಕೊನೆಗೆ 70. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 12.2 ಸೆಂಟಿಮೀಟರ್ ಅಷ್ಟೇ, ಹಳೇ ಆಸೆ ಅಲ್ಲೇ ಮತ್ತೆ ಕೆರಳುವುದು. ಪಿನ್ ಅಂಟಿಕೊಂಡರೆ ಅಥವಾ ಬೆರಳು ಮೊದಲೇ ಹೋದರೆ ಅವತ್ತೇ ಹಿಂದಿನ ದೂರಕ್ಕೆ ಬನ್ನಿ. ಈ ಇಡೀ ಅವಧಿಯಲ್ಲಿ ಸ್ಕೋರ್ ಬರೆಯಬೇಡಿ. ಕೋಚ್‌ಗೂ ಇದನ್ನು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ನಡುವೆ ಯಾವುದೋ ಸೆಲೆಕ್ಷನ್ ಬಂದು ಎಲ್ಲಾ ಕೆಡುತ್ತದೆ.

ಪಿನ್ ಕೆಂಪಿನಲ್ಲಿ ನಿಲ್ಲುತ್ತದೆ ಅಂತ ಸೈಟ್ ಸರಿಸಿ ಅಲ್ಲಿಂದಲೇ ಹತ್ತು ಹೊಡೆಯುವವರಿದ್ದಾರೆ. ಅದನ್ನು ಮಾಡಬೇಡಿ. ಸ್ವಲ್ಪ ದಿನಕ್ಕೆ ಪಿನ್ ಇನ್ನೂ ಕೆಳಗೆ ಹೋಗಿ ನಿಲ್ಲುತ್ತದೆ. ಕೈ ನಡುಕಕ್ಕೆ ಮಾತ್ರೆ ತಗೋ ಅನ್ನುವವರ ಮಾತನ್ನಂತೂ ಕೇಳಲೇಬೇಡಿ. ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಬಿಲ್ಲುಗಾರಿಕೆಯಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದ ಪ್ರಕಾರ ನಿಷಿದ್ಧ, ಸ್ಪರ್ಧೆ ಇಲ್ಲದ ದಿನಗಳಲ್ಲೂ. ಬೇರೆ ಕಾಯಿಲೆಗೆ ಡಾಕ್ಟರ್ ಬರೆದುಕೊಟ್ಟಿದ್ದರೆ ಅವರ ಹತ್ತಿರ ಮಾತಾಡಿ, ನೀವಾಗಿ ನಿಲ್ಲಿಸಬೇಡಿ.

ಸ್ಪರ್ಧೆಗೆ ವಾಪಸ್ ಬಂದಾಗ ಲೆಟ್ ಡೌನ್ ಜೊತೆಗಿರಲಿ. 3 ಬಾಣವನ್ನು ಒಂದರ ಹಿಂದೊಂದು ಹೊಡೆಯುವ ಸುತ್ತಿನಲ್ಲಿ ಒಂದು ಸಲ ಇಳಿಸಿ ಮತ್ತೆ ಎಳೆಯಲು ಸಮಯ ಇದೆ. ಸರದಿಯಂತೆ ಒಂದೊಂದೇ ಬಾಣ ಹೊಡೆಯುವ ಪಂದ್ಯದಲ್ಲಿ ಸಿಗುವುದು 20 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಇಳಿಸಿ, ಉಸಿರು ತಗೊಂಡು, ಮತ್ತೆ ಎಳೆದು ಹೊಡೆಯಲು ನಿಮಗೆ ಆಗುತ್ತದಾ ಅಂತ ಪ್ರಾಕ್ಟೀಸಿನಲ್ಲೇ ಗಡಿಯಾರ ಇಟ್ಟುಕೊಂಡು ನೋಡಿ.