ಹಾಯಿ ಕಾಣದಿದ್ರೂ ಅದು ಸೈಲ್‌ಫಿಶ್ಶೇ

ಪ್ರಶ್ನೆ: ಹೋದ ತಿಂಗಳು ನಮ್ಮ ದೊಡ್ಡಪ್ಪನ ಬೋಟಿಗೆ ಕತ್ತಿ ಥರ ಮೂತಿ ಇರೋ ದೊಡ್ಡ ಮೀನು ಬಿತ್ತು, ಎಂಟು ಅಡಿ ಉದ್ದ, ಸುಮಾರು 35 ಕಿಲೋ. ಬೈತಖೋಲ ಬಂದರಲ್ಲಿ ಇಳಿಸಿದಾಗ ಬೋಟ್ ನಡೆಸೋ ತಾಂಡೇಲರು ಮಾರ್ಲಿನ್ ಅಂದ್ರು, ದೊಡ್ಡಪ್ಪ ಸೈಲ್‌ಫಿಶ್ ಅಂದ್ರು, ಆದ್ರೆ ಬೆನ್ನ ಮೇಲೆ ಹಾಯಿ ಏನೂ ಕಾಣ್ಲಿಲ್ಲ. ಫೋಟೋ ಕಳಿಸಿದೀನಿ. ಯಾವುದಿದು? ಮನೇಲಿ ಅಕ್ಕ ಬಸುರಿ, ಇಂಥ ಮೀನು ಅವಳಿಗೆ ಕೊಡಬಹುದಾ?
– ಓದುಗರು, ಕಾರವಾರ

ಉತ್ತರ: ದೊಡ್ಡಪ್ಪ ಹೇಳಿದ್ದೇ ಸರಿ, ಅದು ಸೈಲ್‌ಫಿಶ್. ತಾಂಡೇಲರದ್ದೂ ತಪ್ಪಲ್ಲ ಬಿಡಿ, ಈ ಮೀನಿನ ಬೆನ್ನಲ್ಲಿ ಉದ್ದಕ್ಕೂ ಒಂದು ಸೀಳು ಇರತ್ತೆ, ಹಾಯಿ, ಅಂದ್ರೆ ಬೆನ್ನಿನ ದೊಡ್ಡ ರೆಕ್ಕೆ, ಅದರೊಳಗೆ ಮಡಚಿಕೊಂಡು ಕೂತುಬಿಟ್ರೆ ಹೊರಗೆ ಒಂದು ಗೆರೆ ಅಷ್ಟೇ ಕಾಣೋದು. ಮುಂದಿನ ಸಲ ಬೆರಳು ಹಾಕಿ ಎತ್ತಿ ನೋಡಿ, ಮೀನಿನ ಮೈಗಿಂತ ಎತ್ತರ ಏಳತ್ತೆ, ಕಡುನೀಲಿ, ಅದರ ಮೇಲೆ ಚುಕ್ಕೆ. ತಮಿಳರು ಇದಕ್ಕೆ ಮಯಿಲ್ ಮೀನ್, ಅಂದ್ರೆ ನವಿಲು ಮೀನು ಅಂತಾರೆ, ನೋಡಿದ್ರೆ ಯಾಕೆ ಅಂತ ಗೊತ್ತಾಗತ್ತೆ.

ಫೋಟೋದಲ್ಲಿ ನಂಗೆ ಗುರುತು ಸಿಕ್ಕಿದ್ದು ಹೊಟ್ಟೆ ಕಡೆ. ಅಲ್ಲಿ ದಾರದ ಥರ ಎರಡು ಉದ್ದ ರೆಕ್ಕೆ ಹಿಂದಕ್ಕೆ ಚಾಚಿವೆ ನೋಡಿ, ಮಾರ್ಲಿನ್‌ಗೆ ಇವು ಗಿಡ್ಡ. ಕಪ್ಪು ಮಾರ್ಲಿನ್ ಆದ್ರೆ ಇನ್ನೊಂದು ಪರೀಕ್ಷೆ ಇದೆ, ಕಿವಿರಿನ ಪಕ್ಕದ ರೆಕ್ಕೆಯನ್ನ ಮೈಗೆ ಒತ್ತಿ, ಬೆಳೆದ ಮೀನಾದ್ರೆ ಅದು ಮಡಚೋದೇ ಇಲ್ಲ, ವಿಮಾನದ ರೆಕ್ಕೆ ಥರ ಸೆಟೆದು ನಿಂತಿರತ್ತೆ. ಕತ್ತಿನ ಹಿಂದೆ ಗೂನು ಬೇರೆ, ಮೈಯೂ ದಪ್ಪ, ಸೈಲ್‌ಫಿಶ್ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ.

ಗಾತ್ರದಲ್ಲಂತೂ ಹೋಲಿಕೆನೇ ಇಲ್ಲ. ಗಾಳದಲ್ಲಿ ಹಿಡಿದ ಕಪ್ಪು ಮಾರ್ಲಿನ್ ದಾಖಲೆ 1953ರದ್ದು, ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ, ತೂಕ 707 ಕಿಲೋ! ಸೈಲ್‌ಫಿಶ್ ದಾಖಲೆ 1947ರಲ್ಲಿ ಗ್ಯಾಲಪಗೋಸ್ ದ್ವೀಪದ ಹತ್ರ ಸಿಕ್ಕ 100 ಕಿಲೋ ಮೀನು. ಮಾರ್ಲಿನ್‌ನಲ್ಲಿ ಅಷ್ಟು ದೊಡ್ಡವೆಲ್ಲ ಹೆಣ್ಣೇ. ಸೈಲ್‌ಫಿಶ್ ಗಂಟೆಗೆ 110 ಕಿ.ಮೀ. ಓಡತ್ತೆ ಅಂತ ಎಲ್ಲಾ ಕಡೆ ಬರೀತಾರಲ್ಲ, ಅದನ್ನ ನಂಬಬೇಡಿ, ಗಾಳದ ದಾರ ಎಷ್ಟು ಬೇಗ ಬಿಚ್ಚಿಕೊಳ್ತು ಅಂತ ಗಡಿಯಾರ ಹಿಡಿದು ಮಾಡಿದ ಹಳೇ ಲೆಕ್ಕ ಅದು. 2015, 2016ರಲ್ಲಿ ಸರಿಯಾಗಿ ಅಳೆದಾಗ ಸಿಕ್ಕಿದ್ದು 30–36 ಕಿ.ಮೀ. ಆಸುಪಾಸು. ಅದರ ನಿಜವಾದ ಜಾಣ್ಮೆ ಮೂತಿಯಲ್ಲಿದೆ, ಗುಂಪಾಗಿ ಬಂದು ತಾರ್ಲೆ (ಬೂತಾಯಿ) ಹಿಂಡಿನೊಳಗೆ ಮೂತಿ ತೂರಿಸಿ ಪಕ್ಕಕ್ಕೆ ಬೀಸತ್ತೆ, ಏಟು ತಿಂದ ಮೀನು ಅದರ ಪಾಲು.

ಕಾರವಾರದಲ್ಲೇ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆಯಲ್ಲ, ಮತ್ತೆ ಸಿಕ್ಕರೆ ಕತ್ತರಿಸೋಕೆ ಮುಂಚೆ ಅವರಿಗೆ ದಯವಿಟ್ಟು ಒಂದು ಮಾತು ಹೇಳಿ. ಮಾರ್ಲಿನ್, ಸೈಲ್‌ಫಿಶ್ ಎರಡನ್ನೂ ಒಂದೇ ಹೆಸರಲ್ಲಿ ಬರೆದುಕೊಂಡ್ರೆ ಯಾವುದು ಕಡಿಮೆಯಾಗ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಅಕ್ಕನಿಗೆ ಮಾತ್ರ ಎರಡೂ ಬೇಡ. ಸಣ್ಣ ಮೀನು ತಿಂದು ತಿಂದು ದೊಡ್ಡದಾಗೋ ಇಂಥ ಮೀನಿನ ಮೈಯಲ್ಲಿ ಪಾದರಸ ಸೇರ್ತಾ ಹೋಗತ್ತೆ, ಬಸುರಿಯರು ಬಿಡಬೇಕಾದ ಮೀನು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾಡಿರೋ ಪಟ್ಟಿಯಲ್ಲಿ ಮಾರ್ಲಿನ್ ಹೆಸರಿದೆ, ಸೈಲ್‌ಫಿಶ್ ಅದರದ್ದೇ ಬಳಗ. ತಾರ್ಲೆ, ಬಂಗಡೆ ಕೊಡಿ, ಚೆನ್ನಾಗಿ ಬೇಯಿಸಿ. ಉಳಿದವರು ತಿನ್ನೋದಾದ್ರೆ ಬೋಟಿನಲ್ಲೇ ಐಸ್ ಹಾಕಿದ್ರಾ ಅಂತ ಮೊದಲು ಕೇಳಿ. ಬಿಸಿಲಲ್ಲಿ ಬಿದ್ದ ಮೀನಲ್ಲಿ ಹಿಸ್ಟಮಿನ್ ಅನ್ನೋ ಅಲರ್ಜಿ ಥರ ತೊಂದರೆ ಕೊಡೋ ವಸ್ತು ಹುಟ್ಟಿಕೊಳ್ಳತ್ತೆ, ಎಷ್ಟು ಹುರಿದ್ರೂ ಹೋಗಲ್ಲ, ತಿಂದ ಸ್ವಲ್ಪ ಹೊತ್ತಲ್ಲೇ ಮುಖ ಕೆಂಪಾಗಿ ತಲೆನೋವು, ತುರಿಕೆ ಶುರುವಾದ್ರೆ ಕೂಡಲೇ ಡಾಕ್ಟರ ಹತ್ರ ಹೋಗಿ, ತಿಂದ ಮೀನು ಯಾವುದು ಅಂತಲೂ ಹೇಳಿ.