‘ಪಿಂಕ್ ಮೂನ್’ಗೆ ಗಿಟಾರ್ ಶ್ರುತಿ ಹೆಂಗ ಮಾಡೂದು

ಇಂಗ್ಲಿಷ್ ಗಾಯಕ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ ಹಾಡಿಗೆ ಕಾರ್ಡ್ ಎಲ್ಲಾ ಸರಿ ಹಿಡದ್ರೂ ರೆಕಾರ್ಡಿನಂಗ ಕೇಳಸವಲ್ದು ಅಂತ ಜಮಖಂಡಿಯಿಂದ ಕೇಳೀರಿ. ನಿಮ್ಮ ಬೆರಳಿನ ತಪ್ಪಿಲ್ರಿ, ಆ ಗಿಟಾರ್ ಶ್ರುತಿನೇ ಬ್ಯಾರೆ. ರಾಗ ನೋಡಿ ತಂಬೂರಿ ಮೊದಲ ತಂತಿ ಪಂಚಮದಿಂದ ಮಧ್ಯಮಕ್ಕ ಇಳಸ್ತಾರಲ್ಲ, ಹಂಗ.

ದಪ್ಪ ತಂತಿಯಿಂದ ಸಿ, ಜಿ, ಸಿ, ಎಫ್, ಸಿ, ಇ. ಅಂದ್ರ ಮಾಮೂಲಿ ಶ್ರುತಿಗಿಂತ ಆರನೇದು (ಎಲ್ಲಾಕ್ಕಿಂತ ದಪ್ಪಂದು) ನಾಲ್ಕು ಫ್ರೆಟ್‌ನಷ್ಟು ಕೆಳಗ, ಒಂದು ಫ್ರೆಟ್ ಅಂದ್ರ ಅರ್ಧ ಸ್ವರ. ಐದು, ನಾಲ್ಕು, ಮೂರನೇವು ಎರಡೆರಡು ಕೆಳಗ. ಎರಡನೇದು ಒಂದು ಮ್ಯಾಲೆ. ಒಂದನೇದು ಮುಟ್ಟಬ್ಯಾಡ್ರಿ. ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲಾ ತಂತಿ ಒತ್ತಿ ಹಿಡಿಯೂ ಕ್ಲಿಪ್) ಹಾಕ್ರಿ.

ಇಳಸೂವಾಗ ಬೇಕಾದ ಸ್ವರಕ್ಕಿಂತ ಕೆಳಗ ಹೋಗಿ ಮತ್ತ ಮ್ಯಾಲೆ ಬರ್ರಿ. ಮ್ಯಾಲಿಂದ ಇಳಿಸಿ ಅಲ್ಲೇ ನಿಲ್ಲಿಸಿದ್ರ ಕೀಲಿ ಸಡ್ಲ ಉಳದು, ನುಡಿಸೂದ್ರಾಗ ತಂತಿ ಜಾರತೈತಿ. ತಂತಿ ಸಡ್ಲಾದಂಗ ಕತ್ತಿನ ಮ್ಯಾಲಿನ ಎಳೆತ ಕಡಿಮಿ ಆಗಿ ಉಳದ ತಂತಿ ಏರತಾವು, ಅದಕ್ಕ ಎರಡು ಸುತ್ತು ನೋಡ್ರಿ. ಕೇಪೋ ಹಾಕಿದ ಮ್ಯಾಲೂ ಒಮ್ಮೆ ನೋಡ್ರಿ. ಸಡ್ಲ ಆರನೇ ತಂತಿ ಅಲ್ಲೇ ಏರೂದು. ತೆಳ್ಳನ 0.010 ಸೆಟ್ (ಒಂದನೇ ತಂತಿ ದಪ್ಪ, ಇಂಚಿನ್ಯಾಗ) ಇದ್ರ ಅದು ಫ್ರೆಟ್‌ಗೆ ಬಡದು ಝರ್ ಅಂತೈತಿ, 0.012 ಸೆಟ್ ಹಾಕ್ರಿ.

ಈ ಹಾಡಿರೂ 1972ರ ‘ಪಿಂಕ್ ಮೂನ್’ ಆಲ್ಬಮ್ ಹೆಡ್‌ಫೋನ್‌ನ್ಯಾಗ ಕೇಳ್ರಿ. ದನಿ, ಗಿಟಾರ್, ಒಂದಿಷ್ಟು ಪಿಯಾನೊ, ಅಷ್ಟೇ. ಹೆಬ್ಬೆರಳಿನ ಮಂದ್ರ ಸ್ವರ ಫೋನ್ ಸ್ಪೀಕರ್‌ದಾಗ ಕೇಳಸೂದೇ ಇಲ್ಲ, ನನ್ನ ಪ್ರಕಾರ ಹಾಡಿನ ಜೀವ ಅದ್ರಾಗೇ ಐತಿ.

ಮುಂದ ಗಾಯಕಿ ಜೋನಿ ಮಿಚೆಲ್ ಅವರ ‘ಬ್ಲೂ’ ಆಲ್ಬಮ್ ಹಿಡದ್ರ, ಅದರಾಗಿನ ‘ಎ ಕೇಸ್ ಆಫ್ ಯೂ’ ಹಾಡಿನ್ಯಾಗ ಅವರು ನುಡಸೂದು ಡಲ್ಸಿಮರ್ (ತೊಡಿ ಮ್ಯಾಲೆ ಇಟ್ಟು ನುಡಸೂ ತಂತಿವಾದ್ಯ), ಗಿಟಾರ್ ಜೇಮ್ಸ್ ಟೇಲರ್ ಅವರದು.